ನಾಲ್ಕು ಹನಿ ನಿಂಬೆ

ನನ್ನ ನಾಲಿಗೆ ಒಂದು ತೊಟ್ಟು ಶರಾಬನ್ನೂ ಕಂಡದ್ದಲ್ಲ. ಆದರೂ ಮುಂಬೈಯ ಫೋರ್ಟಿನ ಒಂದು ದೊಡ್ಡ ಹೋಟೆಲಿನಲ್ಲಿ ಸಾಹೇಬರು ಕುಡಿದ ಎಷ್ಟೋ ಕಾಕ್‌ಟೇಲ್‌ಗಳ ಹುಳಿ-ಸಿಹಿ ತೀರ್ಮಾನವಾದದ್ದು ಕುರ್ಲಾದ ಚಾಳಿನಲ್ಲಿ ಕೂತಿದ್ದ ಈ ನಾಲಿಗೆಯ ಮೇಲೆಯೇ. ಹೇಳಿದರೆ ಜನ ನಗುತ್ತಾರೆ. ನಗಲಿ ಬಿಡಿ.

ನಮ್ಮನೆಯವರು ಅಲ್ಲಿ ಬಾರ್‌ಮನ್. ವಿಜಾಪುರದ ಕಡೆಯಿಂದ ಬಂದು ಗ್ಲಾಸು ತೊಳೆಯಲು ಸೇರಿದವರು, ಹತ್ತು ವರ್ಷದಲ್ಲಿ ಕೌಂಟರಿನ ಹಿಂದೆ ನಿಂತರು. ಊರು ಬಿಡುವಾಗ ಅವ್ವನ ಎದುರು ಕೊರಳಿನ ಲಿಂಗ ಮುಟ್ಟಿ ಕುಡಿಯುವುದಿಲ್ಲ ಅಂದಿದ್ದರು. ಅವ್ವ ತೀರಿಕೊಂಡ ಮೇಲೂ ಆ ಮಾತು ಮುರಿಯಲಿಲ್ಲ. ರುಚಿಯೇ ನೋಡದೆ ಅದು ಹೇಗೆ ಬೆರೆಸುತ್ತೀ ಎಂದು ಅವರಿಗೆ ಕೆಲಸ ಕಲಿಸಿದ ಗೋವೆಯ ಮುದುಕ ಹಣೆ ಹಣೆ ಚಚ್ಚಿಕೊಳ್ಳುತ್ತಿದ್ದನಂತೆ. ಇವರು ಅದಕ್ಕೊಂದು ದಾರಿ ಹುಡುಕಿಕೊಂಡರು. ಶರಾಬಿಗೆ ಅಳತೆ ಇದ್ದೇ ಇದೆ, ಕೆಡುವುದೆಲ್ಲ ಉಳಿದದ್ದರಲ್ಲಿ. ಆ ಉಳಿದದ್ದನ್ನು, ಅಂದರೆ ನಿಂಬೆ, ಸಕ್ಕರೆ ಪಾಕ, ಕಿತ್ತಳೆ ರಸ, ಸೋಡಾಗಳನ್ನು, ಬೆಳಿಗ್ಗೆ ಮನೆಯಲ್ಲಿ ಬೆರೆಸಿ ನನಗೆ ಕುಡಿಸುತ್ತಿದ್ದರು.

"ಹೇಳೀಗ, ಹುಳಿ ಮುಂದೋ, ಸಿಹಿ ಮುಂದೋ?"

"ಹುಳಿ ಓಡಾಕತ್ತೈತ್ರಿ, ಸಿಹಿ ಹಿಂದ ಬಿದ್ದೈತಿ."

ಅಷ್ಟು ಸಾಕು. ಎರಡು ಹನಿ ನಿಂಬೆ ಕಡಿಮೆ ಮಾಡಿ ಮತ್ತೆ ಕೊಡುವರು. ನಾನು ಸರಿ ಅಂದ ಮೇಲೆಯೇ ಆ ಅಳತೆ ಹೋಟೆಲಿಗೆ ಹೋಗಬೇಕು. ಎದುರಿಗೆ ಮುಖ ಗಂಟು ಹಾಕಿಕೊಂಡರೂ ಒಳಗೊಳಗೇ ನನಗೆ ಬಹಳ ಜಂಬವಿತ್ತು.

ಕುಡಿಸುತ್ತ ಕಥೆ ಹೇಳುವುದೂ ಅವರ ಚಟ. ಕಾಕ್‌ಟೇಲಿಗೆ ಮೊದಲು ನಾಲ್ಕೇ ಪದಾರ್ಥವಂತೆ: ಶರಾಬು, ಸಕ್ಕರೆ, ನೀರು, ಕಹಿ. ಆ ಕಹಿ ಎಂದರೆ ಬೇರು, ತೊಗಟೆ ನೆನೆಸಿ ತೆಗೆದ ಹೊಟ್ಟೆಯ ಔಷಧ. ಅಮೆರಿಕದವರು ಬೆಳಿಗ್ಗೆ ಎದ್ದು ಮದ್ದಿನ ಹಾಗೆ ಕುಡಿಯುತ್ತಿದ್ದರಂತೆ. ಕೋಳಿಯ ಬಾಲದ ಹೆಸರು ಯಾಕೆ ಬಂತು ಎಂದರೆ, "ಹತ್ತು ಮಂದಿ ಹತ್ತು ಕಥಿ ಹೇಳ್ತಾರ, ಒಂದೂ ನಂಬಬ್ಯಾಡ" ಅನ್ನುವರು. ಅದಕ್ಕಿಂತ ಹಳೆಯದು ಪಂಚ್. ಸಾರಾಯಿ, ಸಕ್ಕರೆ, ನಿಂಬೆ, ನೀರು, ಮಸಾಲೆ, ಹೀಗೆ ಐದು. ನಮ್ಮ ದೇಶಕ್ಕೆ ಬಂದ ಹಡಗಿನವರು ಇದನ್ನು ಇಲ್ಲೇ ಕಲಿತು ವಿಲಾಯತಿಗೆ ಒಯ್ದರು ಎಂದು ಅವರ ಗುರು ಹೇಳಿದ್ದ. ಚಳಿಜ್ವರದ ಕ್ವಿನೈನು ಗಂಟಲಿಗೆ ಇಳಿಯದೆ ಗೋರಾ ಸಿಪಾಯಿಗಳು ಅದಕ್ಕೆ ಸಕ್ಕರೆ, ಸೋಡಾ, ಜಿನ್ ಸೇರಿಸಿದರು. ಅಮೆರಿಕದಲ್ಲಿ ಕುಡಿತ ನಿಷೇಧವಾದಾಗ ಕಳ್ಳಭಟ್ಟಿಯ ನಾತ ಮುಚ್ಚಲು ಹಣ್ಣಿನ ರಸ ಸುರಿದರು. ಇದನ್ನೆಲ್ಲ ಅವರು ಪುರಾಣ ಹೇಳಿದಂತೆ ಹೇಳುವರು, ನಾನು ಜೋಳದ ಹಿಟ್ಟು ನಾದುತ್ತ ಹ್ಞೂಗುಟ್ಟುವೆ.

ಅರವತ್ತರ ದಶಕದ ಕೊನೆಯ ಮಾತಿದು. ಮುಂಬೈಯಲ್ಲಿ ಆಗ ಕುಡಿಯುವುದಕ್ಕೂ ಪರ್ಮಿಟ್ ಬೇಕಿತ್ತು, ಆರೋಗ್ಯಕ್ಕಾಗಿ ಈ ವ್ಯಕ್ತಿಗೆ ಶರಾಬು ಅವಶ್ಯ ಎಂಬ ಕಾಗದ. ಗಟ್ಟಿಮುಟ್ಟಾದ ಗಂಡಸರೆಲ್ಲ ಅದನ್ನು ಜೇಬಿನಲ್ಲಿಟ್ಟುಕೊಂಡು ಬರುತ್ತಿದ್ದರು. "ಇಡೀ ಶಹರದ ಬ್ಯಾನಿ ಮಂದಿ ನನ್ನ ಕೌಂಟರಿಗೇ ಬರ್ತಾರ ನೋಡು" ಎಂದು ನಮ್ಮನೆಯವರು ನಗುತ್ತಿದ್ದರು.

ಕೆಲವು ವರ್ಷ ಕಳೆದು ನಿಜವಾದ ಬ್ಯಾನಿಯವರು ನಮ್ಮ ಮನೆಗೇ ಬಂದರು. ನನ್ನ ಮಾವನವರು. ಗಂಟಲಲ್ಲಿ ಹುಣ್ಣು; ಊರ ಡಾಕ್ಟರು ಮುಂಬೈಗೆ ಒಯ್ಯಿರಿ ಅಂದಿದ್ದರು. ಮಗ ಶರಾಬು ಸುರಿಯುವ ಕೆಲಸಕ್ಕೆ ನಿಂತನೆಂದು ಗೊತ್ತಾದ ದಿನದಿಂದ ಅವರು ಮಗನ ಕೈಯ ನೀರು ಮುಟ್ಟಿರಲಿಲ್ಲ. ಬೋರಿಬಂದರ್ ಸ್ಟೇಷನ್ನಿನಲ್ಲಿ ಇಳಿದಾಗ ಇವರು ಹಿಡಿದ ನೀರಿನ ತಂಬಿಗೆಯನ್ನು ಪಕ್ಕಕ್ಕೆ ಸರಿಸಿ ನನ್ನ ಕಡೆ ಕೈ ಚಾಚಿದರು.

"ನೀ ಕೊಡವಾ ತಂಗಿ. ಮಂದಿಗೆ ವಿಷ ಕುಡಸೋ ಕೈ ಅದು."

ಇವರು ತಂಬಿಗೆಯನ್ನು ನನಗೆ ಕೊಟ್ಟು ಟ್ರಂಕು ಹೊತ್ತುಕೊಂಡರು. ನನಗೆ ಮೈಯೆಲ್ಲ ಉರಿಯಿತು. ತಾನು ತೊಟ್ಟು ಕುಡಿಯದ ಮನುಷ್ಯನಿಗೆ ಈ ಮಾತು!

ಆಸ್ಪತ್ರೆಯಲ್ಲಿ ಗಂಟಲಿಗೆ ಕರೆಂಟು, ಅಂದರೆ ರೇಡಿಯೇಶನ್ ಕೊಟ್ಟರು. ಹುಣ್ಣು ಬಾಡಲಿಲ್ಲ, ನಾಲಿಗೆ ಮಾತ್ರ ಬಾಡಿತು. ಗಂಜಿ ಮಣ್ಣಾಯಿತು, ಹಾಲು ವಾಕರಿಕೆ ತಂತು. ನಾಲ್ಕು ದಿನ ಬರೀ ಚಮಚ ನೀರಿನಲ್ಲಿ ಕಳೆದರು. ಹೀಗೇ ಆದರೆ ಎಷ್ಟು ದಿನ ಎಂದು ಆಸ್ಪತ್ರೆಯ ಡಾಕ್ಟರು ನಮ್ಮನ್ನೇ ಕೇಳಿದರು.

ಮರುದಿನ ಬೆಳಿಗ್ಗೆ ಮಾವನವರು ಚಾಳಿನ ಗ್ಯಾಲರಿಯಲ್ಲಿ ಬಿಸಿಲಿಗೆ ಕೂತಾಗ ಇವರು ಒಳಗೆ ಕೆಲಸ ಶುರುಮಾಡಿದರು. ಎಳನೀರು, ಸಕ್ಕರೆ ಪಾಕ, ಚಿಟಿಕೆ ಏಲಕ್ಕಿ. ಹೋಟೆಲಿನಲ್ಲಿ ಪಾನೀಯ ನುಣುಪಾಗಿ ಇಳಿಯಲೆಂದು ಮೊಟ್ಟೆಯ ಬಿಳಿ ಹಾಕುತ್ತಾರೆ; ಇವರು ಅದರ ಬದಲು ಸಾಬುದಾಣಿ ಬೇಯಿಸಿ ಸೋಸಿದ ಗಂಜಿ ಹಾಕಿದರು. ಸತ್ತ ನಾಲಿಗೆ ಏಳಬೇಕಾದರೆ ಹುಳಿ ಬೇಕು, ಹೆಚ್ಚಾದರೆ ಹುಣ್ಣು ಉರಿಯುತ್ತದೆ. ನಾಲ್ಕು ಹನಿ ನಿಂಬೆ, ಎಣಿಸಿ. ಐಸಿನ ಚೂರಿನ ಜೊತೆ ಸ್ಟೀಲ್ ಡಬ್ಬಿಗೆ ತುಂಬಿ, ಟವೆಲ್ ಸುತ್ತಿ, ಭುಜದ ಮೇಲೆತ್ತಿ ಅಲ್ಲಾಡಿಸಿದರು. ನಾನು ರುಚಿ ನೋಡಿದೆ.

"ಸರಿ ಐತಿ. ಆದ್ರ ಕುಡೀತಾರೇನ್ರಿ?"

"ನಾನ ಮಾಡೀನಿ ಅಂತ ಹೇಳು."

ಹೇಳಿದೆ. ಮಾವನವರು ಒಂದು ಗುಟುಕು ಬಾಯಲ್ಲಿಟ್ಟು ಕಣ್ಣು ಮುಚ್ಚಿದರು. ಇಳಿಯಿತು. ಇನ್ನೊಂದು ಗುಟುಕು. ಅರ್ಧ ಗಂಟೆ ಹಿಡಿಯಿತು, ಗ್ಲಾಸು ಖಾಲಿಯಾಯಿತು. ಒಳಗೆ ಬಾಗಿಲ ಸಂದಿಯಲ್ಲಿ ನಿಂತು ನೋಡುತ್ತಿದ್ದ ನಮ್ಮನೆಯವರು ಟವೆಲಿನಿಂದ ಮುಖ ಒರೆಸಿಕೊಂಡು ಲೋಕಲ್ ಹಿಡಿಯಲು ಹೊರಟರು.

ಹೀಗೆ ಎರಡು ತಿಂಗಳು ನಡೆಯಿತು. ಬೆಳಿಗ್ಗೆ ಒಂದು ಗ್ಲಾಸು ಕೊಟ್ಟು, ಮಧ್ಯಾಹ್ನಕ್ಕೊಂದು ಮಾಡಿಟ್ಟು ಹೋಗುವರು. ಮಾವನವರ ಧ್ವನಿ ಸ್ವಲ್ಪ ಮರಳಿತು. ಮರಳಿದ ಧ್ವನಿಯಲ್ಲಿ ನನ್ನ ಕೈಯನ್ನು ಹೊಗಳುವರು. ನಿಜ ಹೇಳಿಬಿಡೋಣವೆಂದರೆ ಇವರು ಗದರುವರು: "ಬಾಯಿ ಮುಚ್ಚಿಕೊಂಡಿರು. ಅಪ್ಪ ಕುಡದರ ಸಾಕು, ಹೆಸರು ಯಾಂವಗ ಬೇಕು?"

ನನಗೆ ಬೇಕಿತ್ತು! ನನ್ನ ಗಂಡನಿಗೆ ಅವರಪ್ಪನ ಬಾಯಿಂದ ಒಂದು ಒಳ್ಳೆಯ ಮಾತು ಬೇಕಿತ್ತು, ಅದೂ ಅವರು ಕಣ್ಣು ಮುಚ್ಚುವ ಮೊದಲು.

ಒಂದು ಮಧ್ಯಾಹ್ನ ಧಾರಾವಿಯಲ್ಲಿದ್ದ ನಮ್ಮೂರಿನವರೊಬ್ಬರು ಮಾವನವರನ್ನು ನೋಡಲು ಬಂದರು. ಇವರು ಡ್ಯೂಟಿಗೆ ಹೋಗಿದ್ದರು. ಮಾವನವರು ಗ್ಲಾಸು ಮುಗಿಸಿ, ಅವರ ಎದುರು ಅಂದರು:

"ನನಗ ಮಗಾ ಇಲ್ಲ ಅಂತ ತಿಳಕೊಂಡೀನಿ. ಇಕೀನ ನನ್ನ ಮಗಾ. ಇಕಿ ಕೈಯಾಗ ಅಮೃತ ಐತಿ."

ನನಗೆ ತಡೆಯಲಾಗಲಿಲ್ಲ. "ಕೈ ನಂದಲ್ರೀ ಮಾವಾರ! ಎರಡು ತಿಂಗಳಿಂದ ನೀವು ಕುಡೀತಿರೋದು ನಿಮ್ಮ ಮಗನ ಕೈಯಾಗಿಂದು. ವಿಷ ಕುಡಸೋ ಕೈ ಅಂದ್ರಲ್ಲ, ಅದ ಕೈ!"

ಬಂದವರು ನೆಲ ನೋಡಿದರು. ಮಾವನವರು ಧೋತರದ ಅಂಚಿನಿಂದ ತುಟಿ ಒರೆಸಿಕೊಂಡು ಗ್ಲಾಸನ್ನು ನನ್ನ ಕಡೆ ಸರಿಸಿದರು. ಈಗ ಕೋಪ, ನಾಳೆಗೆ ಕರಗುತ್ತದೆ, ಮಗನನ್ನು ಕರೆಯುತ್ತಾರೆ ಎಂದು ನಾನು ಅಂದುಕೊಂಡೆ. ಎಂಥ ದಡ್ಡಿ ನಾನು.

ಮರುದಿನ ಬೆಳಿಗ್ಗೆ ಗ್ಲಾಸು ಹಿಡಿದು ಹೋದೆ. ತುಟಿ ಬಿಚ್ಚಲಿಲ್ಲ. "ಬ್ಯಾಡವಾ, ನುಂಗಾಕ ಆಗವಲ್ದು." ಮಧ್ಯಾಹ್ನವೂ ಅದೇ ಮಾತು. ನಾನೇ ಹೊಸದಾಗಿ ಮಾಡಿ, ಲಿಂಗದ ಆಣೆ ಇದು ನನ್ನ ಕೈಯದು ಅಂದೆ, ನಂಬಲಿಲ್ಲ. ಕಾಲು ಹಿಡಿದು ಅತ್ತೆ. ನನ್ನ ಕೈಯಿಂದ ಚಮಚ ನೀರಷ್ಟೇ ತೆಗೆದುಕೊಂಡರು, ಆಮೇಲೆ ಅದೂ ನಿಂತಿತು. ಮಗನಿಗೆ ಮಾತ್ರ ಕಾರಣ ಹೇಳಲಿಲ್ಲ. ನಾನೂ ಹೇಳಲಿಲ್ಲ. ಎಂಟನೆಯ ದಿನ ಹೋದರು. ಮಗ ಬಾಯಿಗೆ ಬಿಟ್ಟ ನೀರು ಹಾಗೆಯೇ ಕಟಬಾಯಿಂದ ದಿಂಬಿಗೆ ಇಳಿಯಿತು.

ರೋಗ ಹಬ್ಬಿತ್ತು, ಹೇಗೂ ಉಳಿಯುತ್ತಿರಲಿಲ್ಲ ಎಂದು ಡಾಕ್ಟರು ಅಂದರು. ಇರಬಹುದು. ಆದರೆ ಅವರನ್ನು ಬಾಯಾರಿಸಿ ಕಳಿಸಿದವಳು ನಾನು.

ಕಾರ್ಯವೆಲ್ಲ ಮುಗಿದ ಮೇಲೆ ಒಂದು ಬೆಳಿಗ್ಗೆ ನಮ್ಮನೆಯವರು ಆ ಸ್ಟೀಲ್ ಡಬ್ಬಿ ಒರೆಸುತ್ತ, ನನ್ನ ಮುಖ ನೋಡದೆ ಕೇಳಿದರು.

"ಕಡೀಕ ನಿಂಬಿ ಹೆಚ್ಚಾಗಿತ್ತೇನು? ಉರೀತೇನ ಅಪ್ಪಗ?"

ಆಗ ಹೇಳಬೇಕಿತ್ತು. ಬಾಯಿಗೆ ಬಂದಿತ್ತು. ಎಲ್ಲರೆದುರು ಎಗರಾಡುವ ನನ್ನ ನಾಲಿಗೆ ಆ ಹೊತ್ತಿಗೆ ಹೆದರಿ ಸತ್ತಿತು.

"ಹ್ಞೂ ರೀ," ಅಂದೆ. "ಒಂದೆರಡು ಹನಿ."

ಅವರು ತಲೆಯಾಡಿಸಿದರು. ನನ್ನ ನಾಲಿಗೆಯ ಮಾತನ್ನು ಅವರು ಎಂದೂ ಅನುಮಾನಿಸಿದವರಲ್ಲ. ಅಂದಿನಿಂದ ಹೋಟೆಲಿನಲ್ಲಿ ಯಾವ ಪಾನೀಯಕ್ಕಾದರೂ ಇರಬೇಕಾದದ್ದಕ್ಕಿಂತ ಎರಡು ಹನಿ ನಿಂಬೆ ಕಡಿಮೆ ಹಾಕುತ್ತಿದ್ದರು. ಗೋವೆಯ ಮುದುಕ ಬೈದರೂ ಬಿಡಲಿಲ್ಲ. ಮನೆಯಲ್ಲಿ ಬೆರೆಸಿ ನನಗೆ ಕುಡಿಸುವುದನ್ನು ನಿಲ್ಲಿಸಿದರು. ಈಗ ಅವರೂ ಇಲ್ಲ.

ಆ ಕಡೆಯ ಗ್ಲಾಸಿನಲ್ಲಿ ನಿಂಬೆ ಸರಿಯಾಗಿಯೇ ಇತ್ತು. ನಾನೇ ರುಚಿ ನೋಡಿದ್ದೆ.