ಕಾಕಾ ಹೇಳಿದ ‘ಇನ್ನೊಂದು ಪಂಕ್ತಿ’ ಮತ್ತು ಅಕ್ಕನ ದೊಡ್ಡ ಅನಂತ

ನನ್ನ ಕೈಬರಹ ನನಗೇ ಓದಲು ಬರುವುದಿಲ್ಲ, ಅದಕ್ಕೆ ಮೊಬೈಲಿನಲ್ಲಿ ಟೈಪ್ ಮಾಡಿದ್ದೇನೆ. ಓದಿದ್ದು ಐದನೇ ಕ್ಲಾಸು. ಒತ್ತು, ದೀರ್ಘ ತಪ್ಪಿದ್ದರೆ ಬೈಯದೆ ಓದಿಕೊಳ್ಳಿ.

ಹೋದ ವಾರ ಕನಕಗಿರಿಯ ನಮ್ಮ ಮನೆಯ ಮದುವೆಯಲ್ಲಿ ಒಂದು ಹಂಡೆ ಅನ್ನ ಸುಮ್ಮನೆ ಉಳಿಯಿತು. ಒಲೆಯ ಮೇಲೆ ಇಟ್ಟವಳು ನಾನೇ.

ಆ ಅನ್ನದಿಂದ ಏನಾಯಿತು ಅಂತ ಹೇಳದಿದ್ದರೆ ನನಗೆ ಸಮಾಧಾನವಿಲ್ಲ...

ಸುಮಕ್ಕ ನಮ್ಮ ದೊಡ್ಡಪ್ಪನ ಮಗಳು, ಗಣಿತದಲ್ಲಿ ಪಿಎಚ್‌ಡಿ ಮಾಡುತ್ತಿದ್ದಾಳೆ. ಮದುವೆಯ ಮರುದಿನ ಗಂಗಾವತಿಯ ಒಂದು ಕಾಲೇಜಿನಲ್ಲಿ ಅವಳ ಭಾಷಣವಿತ್ತು. ಕನ್ನಡದಲ್ಲೇ ಮಾತಾಡುತ್ತೇನೆ ಅಂತ ಒಪ್ಪಿಕೊಂಡು, ನನ್ನನ್ನೂ ಬಾ ಅಂದಿದ್ದಳು.

ಕಾಲೇಜಿನ ಒಳಗೆ ಕೂತು ಒಂದು ಪಾಠ ಕೇಳಬೇಕು ಅನ್ನುವುದು ನನ್ನ ಬಹಳ ದಿನದ ಆಸೆ. ಯಾರಿಗೂ ಹೇಳಿರಲಿಲ್ಲ.

ಆದರೆ ಮದುವೆ ಮನೆಯಲ್ಲಿ ಬದನೆಕಾಯಿ ಹೆಚ್ಚುತ್ತಾ ಅಕ್ಕ ಕೈಚೆಲ್ಲಿದಳು. “ಕನ್ನಡದಾಗ ಹೇಳಾಕ ಒಂದು ಉದಾಹರಣಿನೂ ಸಿಗವಲ್ದು ರೇಣಿ. ಇಂಗ್ಲಿಷ್‌ನ್ಯಾಗ ಹೇಳಿ ಮುಗಿಸಿಬಿಡ್ತೀನಿ.”

ಇಂಗ್ಲಿಷ್ ಅಂದರೆ ನಾನು ಹೋದರೂ ಒಂದೇ, ಬಿಟ್ಟರೂ ಒಂದೇ. ಎದ್ದು ಒಲೆಯ ಕಡೆ ಹೋದೆ.

ಅವತ್ತು ಅನ್ನದ ಒಲೆ ಮೊದಲ ಸಲ ನನ್ನ ಪಾಲಿಗೆ ಬಂದಿತ್ತು. ಹೊರಗೆ ಚಪ್ಪರದಲ್ಲಿ ಬಡಿಸುವವರ ಮುಂದಾಳು ನಮ್ಮ ಬಸಣ್ಣ ಕಾಕಾ.

ನಮ್ಮ ಮನೆತನದಲ್ಲಿ ಒಂದು ಪದ್ಧತಿ ಇದೆ. ಊಟಕ್ಕೆ ಕೂತವರಿಗೆ ‘ಇದೇ ಕಡೆಯ ಪಂಕ್ತಿ’ ಅಂತ ಹೇಳುವಂತಿಲ್ಲ. ಮಿಕ್ಕಿದ್ದನ್ನು ಬಡಿಸಿದರು ಅಂತ ಅವರಿಗೆ ಅನ್ನಿಸಬಾರದಲ್ಲ, ಅದಕ್ಕೆ. ಹಾಗಾಗಿ ಪ್ರತಿ ಪಂಕ್ತಿಗೂ ಕಾಕಾನದು ಒಂದೇ ಮಾತು. “ಹೊಟ್ಟಿ ತುಂಬ ಉಣ್ರಿ, ಅನ್ನ ಭಾಳ ಐತಿ, ಇನ್ನೊಂದು ಪಂಕ್ತಿ ಕೂಡೋದೈತಿ.”

ಹಳಬರು ಈ ಮಾತು ನಂಬುವುದಿಲ್ಲ. ಹೊರಗೆ ಇಣುಕಿ, ಮಂದಿ ನೋಡಿ ಅಕ್ಕಿ ಹಾಕುತ್ತಾರೆ. ನನಗೆ ಅಷ್ಟು ಜನರ ಮುಂದೆ ಹೋಗಿ ನಿಲ್ಲಲು ನಾಚಿಕೆ. ಒಳಗೇ ಇದ್ದು ಕಾಕಾನ ದನಿ ಕೇಳಿಕೊಂಡೇ ಅಕ್ಕಿ ಹಾಕುತ್ತಾ ಹೋದೆ.

ಕಡೆಯ ಹಂಡೆ ಇಳಿಸಿ ನೋಡಿದರೆ ಚಪ್ಪರ ಖಾಲಿ.

ಕಾಕಾ ಬಂದು ಹಂಡೆ ನೋಡಿದ. “ಇದು ಯಾರ ಮದುವಿಗವಾ?”

ಎಲ್ಲರೂ ನಕ್ಕರು. ಅಳು ಬರುವಂತಾಗಿ ಹೇಳಿಯೇಬಿಟ್ಟೆ, “ನೀನ ಹೇಳಿದೆಲ್ಲ ಕಾಕಾ, ಇನ್ನೊಂದು ಪಂಕ್ತಿ ಐತಿ ಅಂತ.”

“ಹೇಳಿದ್ನೆವಾ. ಮೊದಲನೇದಕ್ಕ ಹೇಳಿದ್ದು ಖರೆ ಆತಿಲ್ಲೋ? ಎರಡನೇದಕ್ಕ? ಮೂರನೇದಕ್ಕ? ಕಡೀಕ ಒಂದ ಒಂದು ಸುಳ್ಳಾತು. ಅದಕ್ಕ ಇಷ್ಟು ಸಿಟ್ಟೇನು?”

ಈಳಿಗೆಮಣೆ ತೊಳೆಯುತ್ತಿದ್ದ ಸುಮಕ್ಕ ಅದನ್ನು ಬಿಟ್ಟು ಎದ್ದು ಬಂದಳು. “ಕಾಕಾ, ಇನ್ನೊಮ್ಮೆ ಹೇಳು.”

ಕಾಕಾ ಗಾಬರಿಯಾದ. ಅಕ್ಕ ನಗುತ್ತಿದ್ದಳು. ಹಂಡೆಯ ಪಕ್ಕದಲ್ಲೇ ನನ್ನನ್ನು ಕೂರಿಸಿಕೊಂಡು ಅವಳು ಹೇಳಿದ್ದನ್ನು ನನಗೆ ತಿಳಿದಷ್ಟು ಬರೆಯುತ್ತೇನೆ.

ಊಟ ಎಲ್ಲೋ ಒಂದು ಕಡೆ ಮುಗಿಯಲೇಬೇಕು, ಇದು ಒಂದು ಮಾತು. ಮೊದಲನೆಯ ಪಂಕ್ತಿ ಕಡೆಯದಲ್ಲ, ಇದು ಇನ್ನೊಂದು. ಎರಡನೆಯದು ಕಡೆಯದಲ್ಲ, ಮೂರನೆಯದು ಕಡೆಯದಲ್ಲ... ಹೀಗೆ ಮುಗಿಯದಷ್ಟು ಮಾತುಗಳು.

ಇವುಗಳಲ್ಲಿ ನಾಲ್ಕು ಆರಿಸಿಕೊಳ್ಳಿ, ನೂರು ಆರಿಸಿಕೊಳ್ಳಿ, ಅಷ್ಟನ್ನೂ ಖರೆ ಮಾಡುವ ಮದುವೆ ಇರಬಹುದು. ಪಂಕ್ತಿ ಇನ್ನಷ್ಟು ಹೆಚ್ಚಿದ್ದರಾಯಿತು. ಆದರೆ ಎಲ್ಲವೂ ಒಟ್ಟಿಗೆ ಖರೆಯಾಗುವ ಮದುವೆ ಎಲ್ಲೂ ಇಲ್ಲ.

ತರ್ಕದ ವಾಕ್ಯಗಳು ಗಿಡ್ಡವಾಗಿದ್ದರೆ, ಅಂದರೆ ಎಲ್ಲೋ ಒಂದು ಕಡೆ ಮುಗಿಯುವಂಥವಾಗಿದ್ದರೆ, ಈ ಮೋಸ ಆಗುವುದೇ ಇಲ್ಲವಂತೆ. ಎಣಿಸಿ ಮುಗಿಸಬಹುದಾದ ಪ್ರತಿ ಚಿಕ್ಕ ಗುಂಪೂ ಖರೆಯಾಗಬಲ್ಲದಾದರೆ, ಎಲ್ಲವೂ ಒಟ್ಟಿಗೆ ಖರೆಯಾಗಬಲ್ಲವು. ಅದು ಭರವಸೆ.

ಆದರೆ ‘ಎಲ್ಲೋ ಮುಗಿಯುತ್ತದೆ’ ಅನ್ನುವುದು ಗಿಡ್ಡ ವಾಕ್ಯವಲ್ಲ. ಬಿಡಿಸಿದರೆ, ಮೊದಲನೆಯದು ಕಡೆಯದು, ಇಲ್ಲವೇ ಎರಡನೆಯದು, ಇಲ್ಲವೇ ಮೂರನೆಯದು... ಕೊನೆಯೇ ಇಲ್ಲದ ವಾಕ್ಯ. ಅಂಥದ್ದೊಂದು ಬಂದು ಸೇರಿದರೆ ಸಾಕು, ಭರವಸೆ ಮುರಿಯುತ್ತದೆ.

ಹಾಗಾದರೆ ಕೊನೆಯಿಲ್ಲದ ವಾಕ್ಯಗಳಿದ್ದರೂ ಆ ಭರವಸೆ ನಿಲ್ಲಬೇಕಾದರೆ?

ಅನಂತಗಳಲ್ಲೂ ಚಿಕ್ಕದು ದೊಡ್ಡದು ಇದೆಯಂತೆ. ಎಲ್ಲೋ ಒಂದು ಭಯಂಕರ ದೊಡ್ಡ ಅನಂತ ಇದೆ ಅಂದುಕೊಳ್ಳಿ. ಅದಕ್ಕಿಂತ ಚಿಕ್ಕದಾಗಿರುವ ಎಲ್ಲ ಗುಂಪೂ ‘ಚಿಕ್ಕ ಗುಂಪು’, ಅದಕ್ಕಿಂತ ಕಡಿಮೆ ಉದ್ದದ ಎಲ್ಲ ವಾಕ್ಯವೂ ‘ಗಿಡ್ಡ ವಾಕ್ಯ’ ಅಂತ ಲೆಕ್ಕ ಹಿಡಿದರೆ, ಅಲ್ಲಿ ಭರವಸೆ ಮತ್ತೆ ನಿಲ್ಲುತ್ತದೆ. ಅಂಥ ಅನಂತಗಳು ಲಾರ್ಜ್ ಕಾರ್ಡಿನಲ್, ಅಂದರೆ ದೊಡ್ಡ ಅನಂತ ಸಂಖ್ಯೆ, ಅನ್ನುವ ಜಾತಿಗೆ ಸೇರಿದವಂತೆ. ಅಕ್ಕ ಓದುತ್ತಿರುವುದು ಅವುಗಳನ್ನೇ.

“ಅದು ಖರೇನ ಐತೇನಕ್ಕಾ?”

“ಐತಿ ಅಂತ ನಮ್ಮ ಗಣಿತದ ನಿಯಮದಿಂದ ಸಾಧಿಸಾಕ ಆಗಂಗಿಲ್ಲ. ಇದ್ರ ಹೆಂಗಿರ್ತೈತಿ ಅಂತ ಮಾತ್ರ ಹೇಳಬಹುದು. ಆ ಭರವಸೆ ಉಳಿಸೋದ ಅದರ ಗುರುತು.”

ಯಾರೂ ಕಾಣದ ಒಂದರ ಗುರುತು ನಮ್ಮ ಅಡುಗೆಮನೆಯಲ್ಲಿ, ನಮ್ಮ ಮಾತಿನಲ್ಲಿ ನನಗೆ ತಿಳಿದಿತ್ತು.

ಉಳಿದ ಅನ್ನ ಮರುದಿನ ಓಣಿಗೆಲ್ಲ ಚಿತ್ರಾನ್ನವಾಯಿತು. ನಾವಿಬ್ಬರೂ ಗಂಗಾವತಿ ಬಸ್ ಹತ್ತಿದೆವು.

ಅಕ್ಕ ಕನ್ನಡದಲ್ಲೇ ಶುರು ಮಾಡಿದಳು. ನಾನು ಹಿಂದಿನ ಬೆಂಚಿನಲ್ಲಿ ಕೂತಿದ್ದೇನೆ, ಒಂದೊಂದೂ ತಿಳಿಯುತ್ತಿದೆ... ಅಷ್ಟರಲ್ಲಿ ಅವಳು ನನ್ನ ಕಡೆ ಕೈ ತೋರಿಸಿದಳು. “ಹಂಡೆ ಇಟ್ಟಾಕಿ ಇಲ್ಲೇ ಅದಾಳ. ಮುಂದಿಂದು ಆಕಿನ ಹೇಳ್ತಾಳ.”

ಎದ್ದು ನಿಂತೆ. ಉಳಿದ ಅನ್ನದ ಕಥೆ ಹೇಳಿದೆ. ಕಾಕಾನ ಮಾತಿಗೆ ಎಲ್ಲರೂ ನಕ್ಕರು.

ಮುಂದಿನ ಸಾಲಿನ ಹುಡುಗಿಯೊಬ್ಬಳು ಕೇಳಿದಳು, “ಊಟ ಎಂದೂ ಮುಗೀಲೇ ಇಲ್ಲ ಅಂದ್ರ ಕಾಕಾ ಹೇಳಿದ್ದೆಲ್ಲಾ ಖರೇನ ಅಲ್ರಿ?”

“ಹೌದ್ರಿ,” ಅಂದೆ. “ಆದ್ರ ಅಡಿಗಿ ಮಾಡಾವ್ರು ಉಣ್ಣೋದು ಯಾವಾಗ?”

ಹಾಲ್ ಪೂರ್ತಿ ನಕ್ಕಿತು. ಅಕ್ಕ ಉಳಿದದ್ದನ್ನೆಲ್ಲ ಕನ್ನಡದಲ್ಲೇ ಮುಗಿಸಿದಳು. ಆ ಹುಡುಗಿ ಹೊರಗೆ ಬಂದು ನನ್ನ ಹತ್ತಿರ ಇನ್ನೂ ಎರಡು ಪ್ರಶ್ನೆ ಕೇಳಿದಳು. ಉತ್ತರ ಗೊತ್ತಿರಲಿಲ್ಲ. ಗೊತ್ತಿಲ್ಲ ಅನ್ನಲು ನಾಚಿಕೆಯೂ ಆಗಲಿಲ್ಲ.

ಅಕ್ಕ ಈಗ ವಾಪಸು ಹೋಗಿದ್ದಾಳೆ. ಇವತ್ತು ಬೆಳಿಗ್ಗೆ ಅಂಗಳ ಗುಡಿಸುವಾಗ ನನ್ನದೇ ಒಂದು ಪ್ರಶ್ನೆ ಹೊಳೆಯಿತು. ಅಂಥ ಅನಂತ ಒಂದು ಇದೆ ಅಂತ ಹಿಡಿದರೆ, ಅದಕ್ಕಿಂತ ದೊಡ್ಡದೂ ಅಂಥದ್ದೇ ಇರಲೇಬೇಕೋ, ಇಲ್ಲದೆಯೂ ನಡೆಯುತ್ತದೋ?

ಕಸಬರಿಗೆ ಗೋಡೆಗೆ ಆನಿಸಿ ಅಕ್ಕನಿಗೆ ವಾಯ್ಸ್ ಮೆಸೇಜ್ ಮಾಡಿದೆ. ಯಾವಾಗಲೂ ರೆಕಾರ್ಡ್ ಮಾಡಿ ಅಳಿಸಿಬಿಡುತ್ತಿದ್ದೆ, ಇವತ್ತು ಕಳಿಸಿದೆ.