ಕುಂಕುಮವಿದ್ದ ಕಡೆಗೇ ಕತ್ತರಿ

ಚಾಮರಾಜಪೇಟೆ ಮಲಗಿದೆ. ಅರೆ ಮುಚ್ಚಿದ ಬಾಗಿಲೊಂದರ ಹಿಂದೆ ಕಿರ್ ಎಂಬ ಸಣ್ಣ ಸದ್ದು, ಆಮೇಲೆ ಟಕ್. ಪಂಚಾಕ್ಷರಯ್ಯ ಗಾಜು ಕೊಯ್ಯುತ್ತಿದ್ದಾರೆ. ದೇವರ ಪಟಗಳಿಗೆ, ಮದುವೆ ಫೋಟೋಗಳಿಗೆ ಕಟ್ಟು ಹಾಕುವುದು ಅವರ ಕಸುಬು. ಈ ರಾತ್ರಿ ಮುಂದಿರುವುದು ಮಾತ್ರ ಒಂದು ಹಳೆಯ ಕಾಗದ.

ಬಸವನಗುಡಿ, ಮಲ್ಲೇಶ್ವರದ ಎಷ್ಟೋ ಮನೆಗಳ ನಕ್ಷೆ ಬರೆದ ಹೆಸರಾಂತ ವಾಸ್ತುಶಿಲ್ಪಿ ವಾದಿರಾಜರಿಗೆ ಒಂದು ರೂಢಿಯಿತ್ತು. ಮನೆ ಮುಗಿದ ದಿನ ಗಾರೆಯವರು, ಬಡಗಿಗಳು ಹೀಗೆ ಒಬ್ಬೊಬ್ಬರ ಹೆಸರಿಗೂ ಕನ್ನಡದಲ್ಲಿ ಕಾಗದ ಬರೆದು, ಸಹಿ ಹಾಕಿ ಕೊಡುತ್ತಿದ್ದರು. ಓದಲು ಬಾರದವರು ಅದಕ್ಕೆ ಕುಂಕುಮವಿಟ್ಟು, ಕಟ್ಟು ಹಾಕಿಸಿ, ದೇವರ ಪಕ್ಕ ತೂಗುಹಾಕಿದರು. ಹಾಗೆ ಅಂಗಡಿಗೆ ಬಂದ ಮೊದಲ ಕಾಗದ ಮೇಸ್ತ್ರಿ ದೊಡ್ಡಬೈರಪ್ಪನವರದು. ‘ನಿಮ್ಮ ಕಮಾನು ನನ್ನ ನಕ್ಷೆಗಿಂತ ಚೆನ್ನಾಗಿದೆ’ ಎಂದಿತ್ತು. ಅಂದಿನಿಂದ ಪಂಚಾಕ್ಷರಯ್ಯನವರಿಗೆ ಇಂಥ ಕಾಗದಗಳನ್ನು ಹುಡುಕಿ, ಮನೆಯವರು ಕೊಟ್ಟರೆ ತಂದು ಜೋಪಾನ ಮಾಡುವ ಹುಚ್ಚು.

"ನಮ್ಮನೆಯವಳು ಬೈತಾಳೆ, ‘ಬೇರೆ ಗಂಡಸ್ರು ಭಾನುವಾರ ಹೆಂಡ್ತೀನ ಸಿನಿಮಾಗೆ ಕರ್ಕೊಂಡೋಗ್ತಾರೆ, ನೀವು ಮೇಸ್ತ್ರಿಗಳ ಮನೆ ಕದ ತಟ್ತೀರ’ ಅಂತ," ಎಂದು ನಗುತ್ತಾರೆ.

ಕಳೆದ ಡಿಸೆಂಬರಿನ ಮಾತು ಬಂದೊಡನೆ ಆ ನಗು ಆರುತ್ತದೆ. ವಾದಿರಾಜರ ನೆನಪಿನ ಪ್ರದರ್ಶನಕ್ಕೆಂದು ಸಂಸ್ಥೆಯೊಂದು ಪಂಚಾಕ್ಷರಯ್ಯನವರಲ್ಲಿದ್ದ ಕಾಗದಗಳನ್ನು, ದೊಡ್ಡಬೈರಪ್ಪನವರದೂ ಸೇರಿ, ಕೇಳಿ ಪಡೆಯಿತು. ತೀರಿಕೊಂಡ ದೊಡ್ಡಬೈರಪ್ಪನವರ ಹೆಂಡತಿ ಸುಬ್ಬಮ್ಮನನ್ನು ಅವರೇ ಆಟೋದಲ್ಲಿ ಕರೆದೊಯ್ದರು. ಗಂಡನ ಹೆಸರು ಗೋಡೆಯ ಮೇಲಿರುತ್ತದೆಂದು ಆಕೆ ಹೊಸ ಸೀರೆ ಉಟ್ಟಿದ್ದರು. ಅಕ್ಷರ ಬಾರದ ಸುಬ್ಬಮ್ಮ ಕಾಗದದ ಮುಂದೆ ನಿಂತು ಕೇಳಿದರು: "ನಾನಿಟ್ಟ ಕುಂಕುಮ ಎಲ್ಲಪ್ಪಾ?"

ಕುಂಕುಮ ಹೆಸರಿನ ಮೇಲಿತ್ತು. ಹೆಸರಿನ ಸಾಲನ್ನೇ ಸಂಸ್ಥೆಯವರು ಕತ್ತರಿಸಿ ಎಸೆದಿದ್ದರು.

"ಕಲೆಯಾಗಿತ್ತು ಸ್ವಾಮಿ, ಫ್ರೇಮ್‌ನಲ್ಲಿ ನೀಟಾಗಿ ಕಾಣ್ಬೇಕಲ್ಲ? ಜನ ನೋಡಕ್ಕೆ ಬರೋದು ಸಹಿನ," ಅಂದರಂತೆ ಸಂಸ್ಥೆಯ ಮಧುಸೂದನ್.

"ಕಾಗದ ನೋಡ್ಕೊಂಡು ಫ್ರೇಮ್ ಕುಯ್ತೀವಿ. ಫ್ರೇಮ್ ನೋಡ್ಕೊಂಡು ಕಾಗದ ಕುಯ್ತಾರಾ?" ಪಂಚಾಕ್ಷರಯ್ಯನವರ ದನಿ ಈಗಲೂ ಏರುತ್ತದೆ. "ವಾಪಸ್ ಬರ್ತಾ ಆಯಮ್ಮ ಹೊಸ ಸೀರೆ ಸೆರಗು ಮಡಚ್ತಾ ಕೂತಿದ್ರು. ಬೈದಿದ್ರೆ ತಡ್ಕೋತಿದ್ದೆ."

ಎಲ್ಲ ಕಾಗದಗಳಿಗೂ ಅದೇ ಗತಿಯಾಗಿದೆ. ಹೊಗಳಿಕೆ ಉಳಿದಿದೆ, ಸಹಿ ಉಳಿದಿದೆ, ಹೊಗಳಿಸಿಕೊಂಡವರಿಲ್ಲ. ಮನೆ ಕಟ್ಟಿದವರ ಹೆಸರನ್ನು ಕಸವೆಂದು ತೀರ್ಮಾನಿಸುವ ಅಧಿಕಾರ ಇವರಿಗೆ ಕೊಟ್ಟವರು ಯಾರು? ಒಂದು ಕ್ಷಮೆಯ ಮಾತೂ ಬಂದಿಲ್ಲ. ಬದಲಿಗೆ ಪಕ್ಕದ ಎಸ್‌ಟಿಡಿ ಬೂತಿಗೆ ಮತ್ತೆ ಫೋನು ಬರುತ್ತಿದೆ: ಹೊಸದೇನಾದರೂ ಸಿಕ್ಕಿದೆಯೇ?

ಸಿಕ್ಕಿದೆ. ಗಾಜಿನ ಕೆಳಗೆ ಹೆಸರೂ ಇದೆ, ಕುಂಕುಮವೂ ಇದೆ. ಹಗಲಾದರೆ ಅಂಗಡಿಗೆ ಬಂದವರು ಇಣುಕುತ್ತಾರೆಂದೇ ಈ ರಾತ್ರಿ ಕೆಲಸ.

"ಬೆಳಿಗ್ಗೆ ಇದರಲ್ಲಿ ಹೆಸರಿರೋರ ಮನೆ ಗೋಡೆಗೇ ಮೊಳೆ ಹೊಡೆದು ತಗಲಾಕಿ ಬರ್ತೀನಿ," ಎನ್ನುತ್ತ ಅಂಚುಗಳನ್ನು ಒರೆಸುತ್ತಾರೆ. "ಯಾರ ಮನೆ ಅಂತ ಯಾರಿಗೂ ಹೇಳಲ್ಲ. ನಿಮ್ಮ ಪೇಪರ್‌ಗೂ ಅಷ್ಟೇ."