ಗಾಡಿ ಹಚ್ಚಿ ಬರ್ತೀನಿ

ನಮ್ಮ ಕಡೆ ಗಾಡಿಯನ್ನು ನಿಲ್ಲಿಸುವುದಿಲ್ಲ, ಹಚ್ಚುತ್ತೇವೆ. ದೀಪಕ್ಕೂ ಫೋನಿಗೂ ಮುಲಾಮಿಗೂ ಅದೇ ಮಾತು. ಮೈಸೂರಿನ ಹಾಸ್ಟೆಲಿನಲ್ಲಿ ಒಮ್ಮೆ ಹಾಗೆಂದಾಗ ಗೆಳತಿಯೊಬ್ಬಳು ಕಡ್ಡಿಪೆಟ್ಟಿಗೆ ಕೊಡಲೇ ಎಂದು ನಕ್ಕಿದ್ದಳು. ಆಮೇಲೆ ನಾನೂ ಪಾರ್ಕಿಂಗ್ ಎನ್ನತೊಡಗಿದೆ.

ಅಪ್ಪ ಬ್ಯಾಡಗಿಯ ಮೆಣಸಿನಕಾಯಿ ಪೇಟೆಯ ಅಂಗಡಿಯೊಂದರಲ್ಲಿ ಗುಮಾಸ್ತರಾಗಿದ್ದರು. ಆ ಓಣಿಯಲ್ಲಿ ಸ್ಕೂಟರಿನ ಹ್ಯಾಂಡಲ್ ಲಾಕ್ ಮಾಡುವ ಪದ್ಧತಿಯಿಲ್ಲ. ಲಾರಿ ಬಂದರೆ ಹಮಾಲರು ಅಡ್ಡವಿದ್ದ ಗಾಡಿಗಳನ್ನು ಸರಿಸುತ್ತಾರೆ, ಹೋದ ಮೇಲೆ ಯಾರದು ಎಲ್ಲಿತ್ತೋ ಅಲ್ಲಿಗೇ ತಂದಿಡುತ್ತಾರೆ. ಅಪ್ಪನದು ಬೇವಿನ ಮರದ ಕೆಳಗೆ, ರಸ್ತೆಗೆ ಮುಖ ಮಾಡಿ.

ಎರಡು ವರ್ಷದ ಹಿಂದೆ, ವರ್ಷದ ಖಾರದ ಪುಡಿಗೆ ಕಾಯಿ ಆರಿಸಲು ಅವರ ಜೊತೆ ಹೋಗಿದ್ದೆ. ಅಂಗಡಿಯ ಮೆಟ್ಟಿಲ ಬಳಿ ನನ್ನನ್ನು ಇಳಿಸಿ, "ನೀ ಕಾಯಿ ನೋಡ್ಕೋತ ಇರು. ಗಾಡಿ ಹಚ್ಚಿ ಬರ್ತೀನಿ" ಎಂದರು. ನಾನು ಕಾಯಿ ನೋಡುತ್ತಲೇ ಇದ್ದೆ. ಯಾರೊಂದಿಗೋ ಮಾತಿಗೆ ನಿಂತಿರಬೇಕು ಅಂದುಕೊಂಡೆ. ಅವರು ಮರದ ಬುಡದಲ್ಲಿ ಕುಸಿದಿದ್ದರು, ಮತ್ತೆ ಏಳಲಿಲ್ಲ. ಗಾಡಿಗೆ ಸ್ಟ್ಯಾಂಡ್ ಹಾಕಿಯಾಗಿತ್ತು.

ಈ ವರ್ಷ ಅದೇ ಓಣಿಯ ಕಾಲೇಜಿನಲ್ಲಿ ಪಾಠ ಮಾಡಲು ಸೇರಿ ಅಪ್ಪನ ಸ್ಕೂಟರನ್ನು ಹೊರಗೆ ತೆಗೆದಾಗ ಅವ್ವ ಒಂದೇ ಶರತ್ತು ಹಾಕಿದಳು: ಆ ಮರದ ಕೆಳಗೆ ಮಾತ್ರ ಬೇಡ. ಮೊದಲ ದಿನ ಕಾಲೇಜಿನ ಗೋಡೆಯ ಬದಿಗೆ ಬಿಟ್ಟೆ. ಸಂಜೆ ಅದು ಬೇವಿನ ಮರದ ಕೆಳಗಿತ್ತು, ರಸ್ತೆಗೆ ಮುಖ ಮಾಡಿ. ಮರುದಿನವೂ ಅಷ್ಟೇ. ಯಾರನ್ನೂ ಕೇಳುವ ಧೈರ್ಯವಾಗಲಿಲ್ಲ. ಮೂರನೆಯ ದಿನ ಹ್ಯಾಂಡಲ್ ಲಾಕ್ ಮಾಡಿದೆ.

ಆ ಸಂಜೆ ಗಾಡಿ ಗೋಡೆಯ ಬದಿಗೇ ಇತ್ತು. ಪಕ್ಕದಲ್ಲಿ ವಯಸ್ಸಾದ ಹಮಾಲನೊಬ್ಬ ಮುಖ ಗಂಟು ಹಾಕಿಕೊಂಡು ಕೂತಿದ್ದ.

"ಲಾಕ್ ಯಾಕ ಹಾಕೀದಿ ಯವ್ವಾ? ನಿಮ್ಮಪ್ಪ ಒಂದ ದಿನಾನೂ ಹಾಕಿದ್ದಿಲ್ಲ. ಸರಿಸಿದ ಗಾಡಿ ಅದರ ಜಾಗಕ್ಕ ಹಚ್ಚೂದು ನಮ್ಮ ರೂಢಿ. ಇದರ ಜಾಗ ಆ ಮರದ ಕೆಳಗ ಅಲ್ಲ?"

ಮನೆಯಲ್ಲಿ ಹೇಳಿದೆ. ಅವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು.

ಖಾರದ ಕಾಲ ಬಂದಾಗ ತಾನೂ ಬರುತ್ತೇನೆಂದು ಗಾಡಿ ಹತ್ತಿದಳು. ಅದೇ ಮೆಟ್ಟಿಲ ಬಳಿ ಇಳಿಸಿದೆ. ಗಾಡಿ ಹಚ್ಚಿ ಬರ್ತೀನಿ ಎಂಬ ಮಾತು ನನ್ನ ಬಾಯಿಂದ ಹೊರಡಲಿಲ್ಲ. ಅವಳ ಕೈ ಇನ್ನೂ ಹಿಂದಿನ ಸೀಟಿನ ಮೇಲಿತ್ತು.

"ಅಲ್ಲೇ ಹಚ್ಚಿ ಬಾ" ಎಂದಳು. "ನಾ ಇಲ್ಲೇ ನೋಡ್ಕೋತ ನಿಂತಿರ್ತೀನಿ."

ಮರದ ಕೆಳಗೆ ಸ್ಟ್ಯಾಂಡ್ ಹಾಕಿದೆ, ಲಾಕ್ ಮಾಡಲಿಲ್ಲ. ತಿರುಗಿದಾಗ ಅವ್ವ ಕಾಯಿಯ ರಾಶಿಗೆ ಬೆನ್ನು ಹಾಕಿ ನಿಂತಿದ್ದಳು. ನಾನು ಮೆಟ್ಟಿಲು ಮುಟ್ಟುವವರೆಗೂ ಕಣ್ಣು ತೆಗೆಯಲಿಲ್ಲ.